ನೋಟರಿ ಮಿತ್ರನ ವಿಮೆಯ ಷರತ್ತು

೧೬ ಅಕ್ಟೋಬರ್ ೨೦೨೩, ಸೋಮವಾರ. ಆಧಾರ: ಆಳಂದದ ನನ್ನ ನೋಟರಿ ಮಿತ್ರ ಅಂದು ಕಲಬುರಗಿಯ ನರ್ಸಿಂಗ್ ಕಾಲೇಜೊಂದಕ್ಕೆ ಬರೆದುಕೊಟ್ಟ ಪತ್ರದ ಜೆರಾಕ್ಸ್ ಪ್ರತಿ. ಜೇವರ್ಗಿಯಿಂದ ಬಂದಿದ್ದ ನಾನು ತಹಸೀಲ್ ಕಚೇರಿಯ ಎದುರಿನ ಅವನ ಮೇಜಿನ ಬಳಿ ಚಹಾ ಕುಡಿಯುತ್ತಿದ್ದಾಗ ಮಟಕಿ ಊರಿನ ಹೆಂಗಸೊಬ್ಬಳು ಸಿಟ್ಟಿನಿಂದ ಬಂದಳು.

ಹಿಂದಿನ ವಾರ ಆಕೆ ಮಗಳ ಪ್ರವೇಶಕ್ಕೆಂದು ಅವನಲ್ಲಿ ಅಫಿಡವಿಟ್ ಮಾಡಿಸಿದ್ದಳು. ನಮ್ಮ ಕಡೆ ಆ ವಯಸ್ಸಿನ ಎಷ್ಟೋ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಜೊತೆಗಿದ್ದ ಮೈದುನ ಹೇಳಿದ್ದ. ಹೇಳಿದ್ದು ಮನೆಯಲ್ಲಿ ಕರೆಯುವ ಹೆಸರು. ಮಗಳ ಅಂಕಪಟ್ಟಿಯಲ್ಲಿ ಇದ್ದದ್ದು ಬೇರೆ. ಗಂಡನ ಆಧಾರ್ ಕಾರ್ಡನ್ನು ನೋಡದೆಯೇ ಮಿತ್ರ ಮುದ್ರೆ ಒತ್ತಿದ್ದ. ಕಾಲೇಜಿನವರು ಅಫಿಡವಿಟ್ ತಿರಸ್ಕರಿಸಿದ್ದರು. ಸಂಜೆಯೊಳಗೆ ಸರಿಪಡಿಸದಿದ್ದರೆ ಸೀಟು ಕೈಬಿಟ್ಟುಹೋಗುತ್ತಿತ್ತು.

“ಹೆಸರು ನೀವಾ ಸರಿಯಾಗಿ ಕೇಳ್ಬೇಕಿತ್ತಲ್ರಿ, ವಕೀಲ್ ಸಾಬ್ರ!”

“ಕೇಳಿದ್ನಲ್ಲ ತಂಗಿ. ನೀ ಬಾಯಿಗಿ ಸೆರಗ ಹಿಡ್ಕೊಂಡು ಗ್ವಾಡಿ ನೋಡಿದಿ.”

“ಮತ್ತ ಇಷ್ಟ್ ಮಂದಿ ಮುಂದ ಕೂಗಿ ಹೇಳ್ಲೇನ್ರಿ?”

ಅವನು ನಕ್ಕುಬಿಟ್ಟ. “ತಪ್ಪು ನಂದೇ ಐತಿ. ನಡಿ, ಕಾಲೇಜಿಗಿ ನಾನೂ ಬರ್ತೇನಿ.”

ಹೊಸ ಅಫಿಡವಿಟ್‌ಗೆ ಆಕೆಯನ್ನು ಹೆಸರು ಕೇಳಲಿಲ್ಲ. ಕಾರ್ಡನ್ನು ಮುಂದಿಟ್ಟ, ಆಕೆ ಬೆರಳಿಟ್ಟು ತೋರಿಸಿದಳು. ಮೂವರೂ ಬಸ್ಸಿನಲ್ಲಿ ಹೋದೆವು. ಹೆಸರು ಎರಡೆರಡಾಗಿದ್ದರಿಂದ ಕಾಲೇಜಿನ ಗುಮಾಸ್ತ ಅನುಮಾನಿಸಿದ. ಆಗ ಮಿತ್ರ ಅಲ್ಲೇ ಕುಳಿತು ಪತ್ರ ಬರೆದ: ಗುರುತಿನ ದಾಖಲೆ ಪರಿಶೀಲಿಸದ ತಪ್ಪು ತನ್ನದು, ತಾಯಿಯದೂ ಅಲ್ಲ, ಮಗಳದೂ ಅಲ್ಲ. ಸೀಟು ಉಳಿಯಿತು. ಹೊರಗೆ ಬಂದು ಆಕೆ ಹೇಳಿದ್ದು ಇಷ್ಟೇ: “ಇನ್ನ ಮ್ಯಾಲ ಚಷ್ಮಾ ಹಾಕ್ಕೊಂಡು ಸಿಕ್ಕಾ ಹೊಡೀರಿ.”

ಆ ವಾರವೇ ಅಫಜಲಪುರದಿಂದ ಅವನ ಸೋದರಳಿಯ ಬಂದ. ಮಾವನಿಗೆ ವೃತ್ತಿ ಹೊಣೆಗಾರಿಕೆಯ ವಿಮೆ ಮಾಡಿಸಿದ್ದವನು ಅವನೇ. ನೋಟರಿಯ ತಪ್ಪಿನಿಂದ ಕಕ್ಷಿದಾರರಿಗೆ ನಷ್ಟವಾದರೆ ಕಂಪನಿ ತುಂಬಿಕೊಡುತ್ತದೆ. ಆದರೆ ಒಂದು ಷರತ್ತು: ಕಂಪನಿಯ ಒಪ್ಪಿಗೆಯಿಲ್ಲದೆ ನೋಟರಿ ತಪ್ಪೊಪ್ಪಿಕೊಳ್ಳುವಂತಿಲ್ಲ.

“ಮಾಮಾ, ಬರ್ದು ಕೊಟ್ಟ ಮ್ಯಾಲ ಕಂಪನಿ ಕೈ ಎತ್ತತೈತ್ರಿ! ಸೀಟು ಹೋಗಿದ್ರ ಎಲ್ಲಾ ನಿಮ್ಮ ಮೈಮ್ಯಾಲೇ ಬರ್ತಿತ್ತು.”

“ಅಷ್ಟು ಸಣ್ಣ ಅಕ್ಷರ ಯಾಂವ ಓದ್ತಾನ್ಲೇ ಅಳಿಯಾ?”

ಷರತ್ತನ್ನೇ ಓದದೆ ಪತ್ರ ಬರೆದ ಮಿತ್ರನ ಈ ಮುಗ್ಧತೆಯನ್ನು ನಾನು ಪ್ರೀತಿಯಿಂದ ಎಷ್ಟೋ ಜನರೆದುರು ವರ್ಣಿಸಿದ್ದೇನೆ.

ಇದನ್ನು ಮುಗಿಸುವ ಮುನ್ನ ದಿನಾಂಕ ತಾಳೆ ನೋಡಲು ಮೊಬೈಲಿನ ಹಳೆಯ ಸಂದೇಶಗಳನ್ನು ತೆರೆದೆ. ೧೪ ಅಕ್ಟೋಬರ್, ಶನಿವಾರ, ಅಂದರೆ ಆಕೆ ಬರುವುದಕ್ಕೆ ಎರಡು ದಿನ ಮೊದಲು, ಅವನು ಆ ವಿಮೆಯ ಇಂಗ್ಲಿಷ್ ಪಾಲಿಸಿಯ ಒಂದು ಪುಟದ ಚಿತ್ರ ಕಳಿಸಿದ್ದಾನೆ. ಅದೇ ಷರತ್ತಿಗೆ ಪೆನ್ಸಿಲ್ ಗೆರೆ. “ಇದರ ಕನ್ನಡ ಹೇಳೋ.” ಕೆಳಗೆ ನನ್ನದೇ ಅನುವಾದವಿದೆ, ಬರೆದ ನೆನಪೇ ನನಗಿಲ್ಲ. ಅದರ ಕೆಳಗೆ ಅವನ ಉತ್ತರ: “ತಿಳೀತು.”