ಪಿ.ಪಿ. ನಂಬರಿನ ಶೈಲಜಾ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ವಡೋದರಾದ ಒಂದು ಔಷಧ ಕಂಪನಿಯಲ್ಲಿ ನೇಮಕಾತಿ ನೋಡಿಕೊಳ್ಳುವ ಪರ್ಸೊನೆಲ್ ಆಫೀಸರ್ ಆಗಿದ್ದೆ. ಧಾರವಾಡದವನು, ಮಾತು ಚುರುಕು, ಸಿಟ್ಟು ಮೂಗಿನ ತುದಿಯಲ್ಲೇ. ಕಚೇರಿಗೆ ಒಬ್ಬ ಟೆಲಿಫೋನ್ ಆಪರೇಟರ್ ಬೇಕಾದಾಗ ನಾನೇ ಹೊಸ ಪರೀಕ್ಷೆಯೊಂದನ್ನು ಹುಟ್ಟುಹಾಕಿದೆ. ಮುಖ ನೋಡುವ ಮೊದಲು ಫೋನಿನಲ್ಲೇ ಸಂದರ್ಶನ. ಅದೂ ದಿನ, ವೇಳೆ ತಿಳಿಸದೆ. ಮೊದಲ ಅರ್ಧ ನಿಮಿಷದಲ್ಲೇ ಆಪರೇಟರಿನ ಯೋಗ್ಯತೆ ಗೊತ್ತಾಗುತ್ತದೆ ಎಂದು ಮೀಟಿಂಗಿನಲ್ಲಿ ದೊಡ್ಡ ಭಾಷಣವನ್ನೇ ಬಿಗಿದಿದ್ದೆ.

ಆರು ಮಂದಿಯನ್ನು ಆರಿಸಿ, ಈ ವಾರ ಯಾವಾಗ ಬೇಕಾದರೂ ಫೋನ್ ಬರಬಹುದು ಎಂದಷ್ಟೇ ಕಾಗದ ಹಾಕಿಸಿದೆ. ಐವರ ಮನೆಯಲ್ಲಿ ಫೋನಿತ್ತು. ಆರನೆಯವಳು ಶೈಲಜಾ, ಕುಂದಾಪುರ ಕಡೆಯವರ ಮಗಳು, ಬೆಳೆದದ್ದು ಇಲ್ಲೇ. ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಅಡುಗೆಯವರಾಗಿದ್ದ ತಂದೆ ತೀರಿಕೊಂಡಿದ್ದರು. ಈ ಕೆಲಸ ಸಿಕ್ಕರೆ ತಾಯಿ ಮಗಳು ಇಲ್ಲೇ ಉಳಿಯಬಹುದು, ಇಲ್ಲವಾದರೆ ಊರಿನ ನೆಂಟರ ಹಂಗಿನಲ್ಲಿ ಬಾಳಬೇಕು ಎಂದು ಅರ್ಜಿಯಲ್ಲೇ ಬರೆದಿದ್ದಳು. ಆ ಹೋಟೆಲಿನ ನಂಬರು ಕೊಟ್ಟು, ಮುಂದೆ ‘ಪಿ.ಪಿ.’ ಎಂದು ಸೇರಿಸಿದ್ದಳು. ಫೋನಿಲ್ಲದವರು ಪರಿಚಯದವರ ನಂಬರು ಕೊಡುವಾಗ ಹಾಗೆ ಬರೆಯುವುದು ಆಗಿನ ವಾಡಿಕೆ. ಕರೆ ಬಂದರೆ ಅವರೇ ಹೋಗಿ ಕರೆತರಬೇಕು.

ನಾಲ್ಕನೆಯ ದಿನ ಸಂಜೆ ಅವಳ ಸರದಿ. ಮಾಲೀಕ ಶೆಟ್ಟರು ಫೋನೆತ್ತಿದರು. “ಇರಿ ಮಾರಾಯ್ರೆ, ಈಗ ಕರೆಸ್ತೇನೆ.” ರಿಸೀವರ್ ಹಿಡಿದು ಎಂಟು ನಿಮಿಷ ಕೂತೆ. ತಟ್ಟೆ ಲೋಟಗಳ ಸದ್ದಿಗೆ ತಲೆ ಕೆಟ್ಟುಹೋಯಿತು. ಕೊನೆಗೆ ಯಾರೋ ಫೋನು ತೆಗೆದುಕೊಂಡರು. ಮಾತಿಲ್ಲ, ಬರೀ ಏದುಸಿರು.

“ಹಲೋ… ಸರ್… ನಾನು… ಶೈಲಜಾ…”

ಇಂಗ್ಲಿಷಿನಲ್ಲಿ ಎರಡು ಪ್ರಶ್ನೆ ಕೇಳಿದೆ. ಪದಪದಕ್ಕೂ ತಡವರಿಸಿದಳು. “ಸಾಕು, ತಿಳಸ್ತೀವಿ” ಎಂದು ಇಟ್ಟುಬಿಟ್ಟೆ. ‘ಗಾಬರಿ ಸ್ವಭಾವ, ಟೆಲಿಫೋನ್ ಬೋರ್ಡಿಗೆ ತಕ್ಕವಳಲ್ಲ’ ಎಂದು ಫೈಲಿನಲ್ಲಿ ಬರೆದೆ. ಮರುದಿನವೇ ಬೇರೊಬ್ಬಳಿಗೆ ನೇಮಕಪತ್ರ ಹೋಯಿತು.

ಹತ್ತು ದಿನ ಕಳೆದು ಅದೇ ಹೋಟೆಲಿಗೆ ಕಾಫಿಗೆ ಹೋದೆ. ನಾನು ಯಾರೆಂದು ಹೇಳಿಕೊಂಡು ಶೆಟ್ಟರನ್ನು ಕೆಣಕಿದೆ. “ಏನ್ ಶೆಟ್ಟ್ರ, ನಿಮ್ಮ ಹುಡುಗಿ ಫೋನಿನ್ಯಾಗ ಅಷ್ಟ್ಯಾಕ ಹೆದರ್ತಾಳ್ರೀ?”

ಶೆಟ್ಟರ ಮುಖ ಸಪ್ಪಗಾಯಿತು. “ಹೆದರಿದ್ದಲ್ಲ ಸ್ವಾಮಿ, ಓಡಿದ್ದು. ಮೂರು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಈ ಫೋನಿನ ಹತ್ರವೇ ಕೂತಿದ್ಲು. ನಾಲ್ಕನೇ ದಿನ ಅಮ್ಮನಿಗೆ ಜ್ವರ ಅಂತ ಮನೆಯಲ್ಲಿದ್ಲು. ಮನೆ ಹಳಿಯಾಚೆ. ನಮ್ಮ ಅಡುಗೆ ಭಟ್ಟರು ಹೋಗಿ ಹೇಳಿದ್ದೇ ತಡ, ಚಪ್ಪಲಿ ಸಹ ಹಾಕದೆ ಓಡಿ ಬಂದ್ಲು.”

ಶೆಟ್ಟರು ಮುಂದುವರಿಸಿದರು. “ನೀವು ಇಟ್ಟ ಮೇಲೂ ಎರಡು ದಿನ ಇಲ್ಲೇ ಕಾದ್ಲು. ಅವರು ಮತ್ತೆ ಮಾಡಬಹುದು, ಈ ಸಲ ಸರಿಯಾಗಿ ಮಾತಾಡ್ತೇನೆ ಅಂತ. ಮೊನ್ನೆ ತಾಯಿ ಮಗಳು ಊರಿಗೆ ಹೋದ್ರು.”

ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಮೇಜಿನ ಮೇಲೆ ಫೋನಿಟ್ಟುಕೊಂಡು ಕೂತವನಿಗೆ ಪಿ.ಪಿ. ಎಂದರೆ ಎರಡು ಅಕ್ಷರ, ಅಷ್ಟೇ. ಶೆಟ್ಟರಿಂದ ಊರಿನ ವಿಳಾಸ ಪಡೆದು, ಕ್ಷಮೆ ಕೇಳಿ ಕಾಗದ ಬರೆದೆ.

ಆಮೇಲೆ ನಿವೃತ್ತನಾಗುವವರೆಗೂ ಫೋನಿನಲ್ಲಿ ಅಭ್ಯರ್ಥಿಗಳಿಗೆ ನನ್ನ ಮೊದಲ ಮಾತು ಒಂದೇ: “ಓಡಿ ಬಂದಿದ್ದರೆ ಮೊದಲು ನೀರು ಕುಡಿಯಿರಿ, ನಾನು ಕಾಯುತ್ತೇನೆ.” ಎಷ್ಟು ಸೌಜನ್ಯ ಎಂದು ಜನ ಹೊಗಳುತ್ತಿದ್ದರು. ಆ ಮೊದಲ ಅರ್ಧ ನಿಮಿಷದಲ್ಲಿ ಕರೆ ಮಾಡಿದವನ ಯೋಗ್ಯತೆಯೂ ಬಯಲಾಗುತ್ತದೆ ಎಂಬುದನ್ನು ಶೈಲಜಾಳ ಆ ಏದುಸಿರು ನನಗೆ ತಡವಾಗಿ ಕಲಿಸಿತು. ಶೈಲಜಾ ನನ್ನ ಕರೆಗೆ ಎರಡು ದಿನ ಕಾದಳು. ಅವಳ ಉತ್ತರಕ್ಕೆ ನಾನು ಇವತ್ತಿಗೂ ಕಾಯುತ್ತಿದ್ದೇನೆ.