ನಾನು ಓದದೆ ಬಿಟ್ಟ ಸಾಲುಗಳು

ರಾಯಚೂರಿನಲ್ಲಿ ಇಂಟರ್ ಮುಗಿಸಿದ ವರ್ಷ ನಾನೂ ನನ್ನ ಗೆಳೆಯನೂ ಒಂದೇ ದಿನ ಹೈದರಾಬಾದಿನ ಡಾಕ್ಟರಿ ಕಾಲೇಜಿಗೆ ಅರ್ಜಿ ಹಾಕಿದೆವು. ನಲವತ್ತರ ದಶಕದ ಮೊದಲ ವರ್ಷಗಳವು. ನಮ್ಮ ಕಡೆ ಆಗ ನಿಜಾಮರ ರಾಜ್ಯ, ಓದೆಲ್ಲ ಉರ್ದುವಿನಲ್ಲಿ. ಎರಡು ವರ್ಷ ನಾವು ಕೋಟೆಯ ಹತ್ತಿರ ಒಂದೇ ಕೋಣೆಯಲ್ಲಿದ್ದು ಓದಿದವರು. ನಾನು ಮಾನ್ವಿಯವನು, ತಂದೆ ದೇವಸ್ಥಾನದ ಪೂಜೆ ಮಾಡಿಕೊಂಡು ಹುಡುಗರಿಗೆ ಪಾಠ ಹೇಳುತ್ತಿದ್ದರು. ಅವನು ದೇವದುರ್ಗದವನು, ತಂದೆ ಇರಲಿಲ್ಲ, ತಾಯಿ ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರಿ ಅವನನ್ನು ಓದಿಸಿದ್ದಳು.

ಪರೀಕ್ಷೆಯಲ್ಲಿ ಅಂಕ ನನಗೇ ಹೆಚ್ಚು ಬಂದಿದ್ದವು. ಉರ್ದುವಂತೂ ಅವನ ನಾಲಿಗೆಗೆ ಹತ್ತುತ್ತಲೇ ಇರಲಿಲ್ಲ. ಅವನ ಅರ್ಜಿ ಬರೆದುಕೊಟ್ಟವನು ನಾನೇ. ಸಹಿ ಮಾತ್ರ ಅವನದು.

ಇಬ್ಬರಿಗೂ ಸಂದರ್ಶನಕ್ಕೆ ಕರೆ ಬಂತು. ಶೇರವಾನಿ ಹಾಕಿಕೊಂಡ ಮೂವರು ಹಿರಿಯರು ಕೂತಿದ್ದರು. ಡಾಕ್ಟರ್ ಯಾಕೆ ಆಗಬೇಕು ಎಂದು ನನ್ನನ್ನು ಕೇಳಿದಾಗ, ವಾರಗಟ್ಟಲೆ ಬಾಯಿಪಾಠ ಮಾಡಿದ್ದ ಭಾಷಣವನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದೆ. ಅವನನ್ನೂ ಅದನ್ನೇ ಕೇಳಿದರಂತೆ. ಗೂಗಲ್ ಎಂಬ ಹಳ್ಳಿಯಿಂದ ತಂದೆಯನ್ನು ಬಂಡಿಯಲ್ಲಿ ದವಾಖಾನೆಗೆ ತರುವಾಗ ದಾರಿಯಲ್ಲೇ ಜೀವ ಹೋಯಿತೆಂದೂ, ಆಗ ತಾನು ತಂದೆಯ ಕಾಲು ಹಿಡಿದುಕೊಂಡು ಕೂತಿದ್ದೆನೆಂದೂ ಮುರುಕು ಉರ್ದುವಿನಲ್ಲಿ ಹೇಳಿದನಂತೆ. ವಾಪಸು ಬರುವಾಗ ರೈಲಿನಲ್ಲಿ ಅವನೇ ಇದನ್ನು ನನಗೆ ಹೇಳಿದ. ಅವನಿಗೆ ಸೀಟು ಸಿಕ್ಕಿತು, ನನಗೆ ಸಿಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಅವನ ಸತ್ತ ತಂದೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅಂಥದೊಂದು ಮಾತು ಹೇಳುವುದಕ್ಕೆ ನನ್ನ ಹತ್ತಿರ ಇರಲಿಲ್ಲವಲ್ಲ ಎಂದು.

ನನ್ನ ತಂದೆ ಯಾರ ಯಾರಿಗೋ ಹೇಳಿ ನನಗೊಂದು ಮಾಸ್ತರಿಕೆ ಕೊಡಿಸಿದರು. ಎಲ್ಲಿ? ದೇವದುರ್ಗದಲ್ಲಿ. ಅವನು ಬಿಟ್ಟುಹೋದ ಊರಿಗೆ ನಾನು ಬಂದು ಇಳಿದೆ. ಪೇಟೆಯಲ್ಲಿ ಯಾರಿಗೆ ಪರಿಚಯ ಹೇಳಿಕೊಂಡರೂ, “ಹಂಗಾದ್ರ ನಮ್ಮ ಡಾಕ್ಟರನ ದೋಸ್ತರೇನ್ರಿ ನೀವು?” ಎನ್ನುತ್ತಿದ್ದರು. ಅವನು ಕಾಲೇಜಿಗೆ ಸೇರಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ, ಊರಿಗೆ ಆಗಲೇ ಡಾಕ್ಟರ್ ಆಗಿಬಿಟ್ಟಿದ್ದ.

ಒಂದು ಮಧ್ಯಾಹ್ನ ಅವನ ತಾಯಿ ಶಾಲೆಯ ಬಾಗಿಲಿಗೆ ಬಂದಳು. ಹಣೆಯ ತುಂಬ ವಿಭೂತಿ, ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದ ಕಾಗದ.

“ಯಪ್ಪಾ, ನನಗ ಅಕ್ಷರ ಬರಂಗಿಲ್ಲ. ನೀ ಅವನ ಜೋಡಿ ಇದ್ದಾಂವ. ನೀ ಓದಿದ್ರ ಅಂವನ ಬಂದು ಮಾತಾಡಿದಂಗ ಆಗ್ತದ.”

ಅಂದಿನಿಂದ ತಿಂಗಳಿಗೆ ಒಂದೋ ಎರಡೋ ಕಾಗದ ಬರುತ್ತಿದ್ದವು. ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಮನೆಯ ಕಟ್ಟೆಯ ಮೇಲೆ ಕೂತು ಓದುತ್ತಿದ್ದೆ. ನಮ್ಮ ಮನೆತನದ ಮಡಿ ಗೊತ್ತಿದ್ದುದರಿಂದ ಊಟಕ್ಕೆ ಎಂದೂ ಏಳು ಎನ್ನಲಿಲ್ಲ. ಬಿಸಿ ಹಾಲಿನ ಲೋಟ ಮಾತ್ರ ತಂದಿಟ್ಟು ಎದುರಿಗೆ ಕೂಡುತ್ತಿದ್ದಳು. ಮೊದಲ ಮೂರು ಕಾಗದಗಳನ್ನು ಇದ್ದಂತೆ ಓದಿದೆ. ನಾಲ್ಕನೆಯದರಲ್ಲಿ, ಅಂಗರಚನೆಯ ಪರೀಕ್ಷೆಯಲ್ಲಿ ತಾನು ಇಡೀ ತರಗತಿಗೆ ಮೊದಲಿಗನಾದೆನೆಂದೂ, ಪ್ರೊಫೆಸರು ಎಲ್ಲರೆದುರು ಬೆನ್ನು ತಟ್ಟಿದರೆಂದೂ ಬರೆದಿದ್ದ. ನನ್ನ ಕಣ್ಣು ಆ ಸಾಲುಗಳ ಮೇಲೆ ಹರಿಯಿತು, ಬಾಯಿ ತೆರೆಯಲಿಲ್ಲ.

“ಪರೀಕ್ಷೆ ಆಯ್ತಂತ, ಪಾಸಾಗ್ಯಾನಂತ,” ಎಂದೆ.

“ಅಷ್ಟ ಏನು?”

“ಅಷ್ಟ ಬರದಾನ, ಯವ್ವಾ.”

ಅವಳು ಅಷ್ಟಕ್ಕೇ ಕೈ ಮುಗಿದು ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡಳು. ಆ ಸಂಜೆ ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಏನೋ ಗೆದ್ದ ಹಾಗೆ ಹಗುರಾಗಿ ಮನೆಗೆ ನಡೆದೆ. ಆಮೇಲೆ ಅದು ರೂಢಿಯೇ ಆಯಿತು. ಅವನು ಬಿಳಿ ಕೋಟು ಹಾಕಿಕೊಂಡದ್ದು, ಯಾರೋ ನವಾಬರ ಮನೆಗೆ ಊಟಕ್ಕೆ ಕರೆದದ್ದು, ರೋಗಿಯೊಬ್ಬ ಕೈ ಹಿಡಿದುಕೊಂಡು ಅತ್ತದ್ದು, ಎಲ್ಲವನ್ನೂ ನುಂಗಿ ಆರೋಗ್ಯ, ಮಳೆ, ಊಟದ ಸಂಗತಿಯನ್ನಷ್ಟೇ ಓದುತ್ತಿದ್ದೆ. ನನಗೇ ನೇರವಾಗಿ ಅವನು ಬರೆದ ಎರಡು ಕಾಗದಗಳಿಗೆ ಉತ್ತರವನ್ನೂ ಬರೆಯಲಿಲ್ಲ.

ಬೇಸಿಗೆ ರಜೆಗೆ ಸ್ವಲ್ಪ ಮೊದಲು ಒಂದು ದಪ್ಪ ಲಕೋಟೆ ಬಂತು. ಒಳಗೆ ಕಾಗದದ ಜೊತೆ ಮಡಚಿದ ಒಂದು ಫಾರಂ. “ಅವ್ವಾ, ನನ್ನ ಗೆಳೆಯನಿಗೆ ಹೇಳು,” ಎಂದು ಬರೆದಿದ್ದ. “ಬರುವ ವರ್ಷ ಬಿ.ಎಸ್‌ಸಿ.ಗೆ ಇಲ್ಲಿ ಅವನಿಗೆ ಖಂಡಿತ ಸೀಟು ಸಿಗುತ್ತದೆ, ನಾನು ವಿಚಾರಿಸಿದ್ದೇನೆ. ಇದನ್ನು ತುಂಬಿ ಹದಿನೈದು ದಿನದೊಳಗೆ ಕಳಿಸಲಿ. ನನ್ನ ಕೋಣೆಯಲ್ಲೇ ಇರಲಿ. ಅವನಂಥವನು ದೇವದುರ್ಗದಲ್ಲಿ ಕೂತಿರುವುದು ನನಗೆ ಸರಿ ಕಾಣುವುದಿಲ್ಲ.”

ಕೊನೆಯ ಸಾಲು ಓದಿ ಕಿವಿ ಬಿಸಿಯಾದವು. ನನ್ನ ಮೇಲೆ ಕನಿಕರ ಪಡುವಷ್ಟು ಎತ್ತರಕ್ಕೆ ಹೋದನೇ ಎನ್ನಿಸಿತು.

“ಅದೇನ್ ಯಪ್ಪಾ, ಇನ್ನೊಂದು ಕಾಗದ?” ಎಂದಳು.

“ಕಾಲೇಜಿಂದು, ಯವ್ವಾ. ನಿಮಗ ಬೇಕಾಗಿದ್ದಲ್ಲ,” ಎಂದು ಜೇಬಿಗೆ ಹಾಕಿಕೊಂಡೆ.

ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡೂ ಬದಿ ತಿರುಗಿಸಿ ನೋಡಿದಳು. “ಕಾಗದ ಉದ್ದಾಗಾಕತ್ತದ, ನೀ ಓದೂದು ಸಣ್ಣದಾಗಾಕತ್ತದ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಹಾಲು ಅರ್ಧಕ್ಕೇ ಬಿಟ್ಟು ಎದ್ದುಬಂದೆ. ಫಾರಂ ನನ್ನ ಟ್ರಂಕಿನಲ್ಲಿ ಉಳಿಯಿತು. ಹದಿನೈದು ದಿನವನ್ನು ಒಂದೊಂದಾಗಿ ಎಣಿಸಿದೆ. ತುಂಬಲಿಲ್ಲ, ಹರಿಯಲೂ ಇಲ್ಲ.

ರಜೆಗೆ ಅವನು ಬಂದ. ಬಂದ ಮರುದಿನ ಬೆಳಿಗ್ಗೆಯೇ ಮನೆಗೆ ಬರಲು ಹೇಳಿ ಕಳಿಸಿದ. ಹೋದಾಗ ಅವನೂ ತಾಯಿಯೂ ಪಡಸಾಲೆಯಲ್ಲಿ ಕೂತಿದ್ದರು. ನಡುವೆ ಅಷ್ಟೂ ಕಾಗದಗಳ ಕಟ್ಟು ಇತ್ತು.

“ಫಾರಂ ಯಾಕ ಕಳಿಸಲಿಲ್ಲೋ?” ಎಂದ.

ಸುಳ್ಳು ಬಾಯಿಗೆ ಬಂದಿತ್ತು, ಟಪಾಲಿನಲ್ಲಿ ಕಳೆಯಿತೆಂದು. ಆದರೆ ಅವಳು ನನ್ನನ್ನೇ ನೋಡುತ್ತಿದ್ದಳು.

“ನಿನ್ನ ಹಿಂದ ಬರಾಕ ನನಗ ಮನಸ್ಸಾಗಲಿಲ್ಲ,” ಎಂದೆ. “ನಂದು ಅಂತ ತಿಳಕೊಂಡಿದ್ದು ನಿನಗ ಸಿಕ್ತು. ನನಗ ಅದನ್ನ ತಡಕೊಳ್ಳಾಕ ಆಗಲಿಲ್ಲ.”

ಅವನ ಮುಖ ಕೆಂಪಾಯಿತು. “ಲೇ, ನಾ ಏನು ಕಸಗೊಂಡ್ನೇನು ನಿನ್ನ ಕಡಿಂದ? ಒಂದು ವರ್ಷ ನಮ್ಮವ್ವಗ ನನ್ನ ಮಾತು ಮುಟ್ಟಲಾರದಂಗ ಮಾಡಿದ್ಯಲ್ಲ!” ಎಂದು ಎದ್ದುನಿಂತ.

ತಾಯಿ ಅವನ ಧೋತರದ ಅಂಚು ಹಿಡಿದು ಕೂಡಿಸಿದಳು. ಕಟ್ಟನ್ನು ಬಿಚ್ಚಿ ನನ್ನ ಮುಂದೆ ಸರಿಸಿದಳು.

“ಮೊದಲಿಂದ ಓದು. ಒಂದಕ್ಷರ ಬಿಡಬ್ಯಾಡ.”

“ನಾ ಓದ್ತೀನಿ ಬಿಡವ್ವಾ,” ಎಂದ ಮಗ.

“ಅಂವನ ಓದ್ಲಿ. ನುಂಗಿದಾಂವ ಅಂವ.”

ಓದಿದೆ. ಬಿಸಿಲು ಪಡಸಾಲೆಯ ಒಳಗೆ ಬಂದು ಮತ್ತೆ ಹೊರಗೆ ಹೋಗುವ ತನಕ ಓದಿದೆ. ತರಗತಿಗೆ ಮೊದಲಿಗನಾದದ್ದನ್ನು ಓದುವಾಗ ಅವಳು “ಇನ್ನೊಮ್ಮೆ” ಎಂದಳು. ಇನ್ನೊಮ್ಮೆ ಓದಿದೆ. ರೋಗಿ ಕೈ ಹಿಡಿದು ಅತ್ತದ್ದಕ್ಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಮುಂದಿನ ಕಾಗದ ಬಿಡಿಸುವಾಗ ಗೆಳೆಯ ತಾನೇ ಎದ್ದು ಹೋಗಿ ನೀರು ತಂದ. ತಂಬಿಗೆಯನ್ನು ನನ್ನ ಪಕ್ಕದಲ್ಲಿ ಇಟ್ಟ. ಅಂಥ ಹೊತ್ತಿನಲ್ಲೂ ಅವನ ಕೈಗಡಿಯಾರ ನನ್ನ ಕಣ್ಣಿಗೆ ಬಿತ್ತು. ಅದು ಅವನಿಗೆ ಬಹುಮಾನವಾಗಿ ಬಂದದ್ದೆಂದು ಆಗಷ್ಟೇ ಓದಿದ್ದೆ. ಎದೆಯಲ್ಲಿ ಚುರ್ ಎಂದಿತು.

ಕೊನೆಯ ಕಾಗದ ಮುಗಿದಾಗ ಅವಳು, “ಈಗ ಹಾಲು ಕುಡಿ,” ಎಂದು ಒಳಗೆ ಹೋದಳು. ಬೈಯಲಿಲ್ಲ. ಬೈದಿದ್ದರೆ ನಾನು ಆ ಊರು ಬಿಡುತ್ತಿದ್ದೆನೋ ಏನೋ.

ಆ ವರ್ಷದ ಸೀಟು ಹೋಗಿಯೇ ಹೋಯಿತು. ಮುಂದಿನ ವರ್ಷ ನಾನೇ ಕಾಗದ ಬರೆದು ಅವನಿಂದ ಹೊಸ ಫಾರಂ ತರಿಸಿಕೊಂಡೆ. ಹೈದರಾಬಾದಿನಲ್ಲಿ ಅವನ ಕೋಣೆಯಲ್ಲೇ ಇದ್ದು ಬಿ.ಎಸ್‌ಸಿ. ಮಾಡಿದೆ. ಅವನ ಸ್ನೇಹಿತರು ನನ್ನನ್ನು ‘ಡಾಕ್ಟರ್ ಸಾಹೇಬರ ಊರಿನವರು’ ಎಂದೇ ಕರೆಯುತ್ತಿದ್ದರು. ಒಮ್ಮೊಮ್ಮೆ ಸಿಟ್ಟಾಗಿ ಎರಡು ದಿನ ಮಾತು ಬಿಡುತ್ತಿದ್ದೆ. ಕಾರಣ ಅವನಿಗೆ ಗೊತ್ತಿರುತ್ತಿತ್ತು. ಕೇಳದೆ ಕಾಯುತ್ತಿದ್ದ. ಅವನ ಆ ತಾಳ್ಮೆಯನ್ನು ಕಂಡೂ ನನಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಅವನು ರಾಯಚೂರಿನಲ್ಲಿ ದವಾಖಾನೆ ತೆರೆದಾಗ ನಾನು ಮಾನ್ವಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ದವಾಖಾನೆ ತೆರೆದ ದಿನ ರಾಯಚೂರಿನ ದಾರಿ ಹಿಡಿದು ಹೋದೆ. ಬಾಗಿಲಲ್ಲಿ ಜನ ಗಿಜಿಗುಡುತ್ತಿದ್ದರು. ಹಾರ ಹಾಕಿಸಿಕೊಂಡು ನಿಂತವನನ್ನು ದೂರದಿಂದ ನೋಡಿದೆ. ಆ ಜಾಗದಲ್ಲಿ ಒಂದು ಗಳಿಗೆ ನನ್ನನ್ನೇ ನಿಲ್ಲಿಸಿಕೊಂಡು ನೋಡಿದೆ. ಆಮೇಲೆ ಜನರನ್ನು ಸರಿಸಿ ಒಳಗೆ ಹೋಗಿ ಅವನ ಕೈ ಹಿಡಿದೆ. “ಬಾಳ ತಡಾ ಮಾಡಿದ್ಯಲ್ಲೋ,” ಎಂದು ಅವನು ನನ್ನನ್ನು ತಾಯಿಯ ಪಕ್ಕದ ಕುರ್ಚಿಯಲ್ಲಿ ಕೂಡಿಸಿದ.