ಸಕ್ಕರೆ ಬೀರುವಿನ ಕೆಂಪು ಬೀಗ

ಏ, ಆ ಕಡೆ ಫುಟ್‌ಪಾತ್ ಮೇಲೆ ಹೋಗ್ತಿರೋರೇ, ಸ್ವಲ್ಪ ನಿಲ್ಲಿ. ಹೌದು, ನಿಮಗೇ ಹೇಳ್ತಿರೋದು. ಫೋನನ್ನು ಚಾರ್ಜಿಗೆ ಹಾಕಿಕೊಂಡು ಇದನ್ನು ಕೇಳುತ್ತಿರುವವರು ಮೊದಲು ಆ ವೈರು ಕೀಳಿ. ಯಾಕೆ ಅಂತ ಆಮೇಲೆ ನೀವೇ ಹೇಳುತ್ತೀರಿ. ಇದು ನಮ್ಮ ಚಿಕ್ಕಪ್ಪನ ವಿಷಯ.

ಚಿಕ್ಕಪ್ಪ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿ ಅವನನ್ನು ಎಲ್ಲರೂ ಕರೆಯುವುದು ‘ಟೆಸ್ಟರ್’ ಎಂದು. ಹಾಗಂತ ಅವನು ಟೆಸ್ಟರ್ ಬಳಸುತ್ತಾನೆ ಎಂದುಕೊಳ್ಳಬೇಡಿ. ಅದು ಜೇಬಿನಲ್ಲಿರುತ್ತದೆ, ಬೆನ್ನು ಕೆರೆದುಕೊಳ್ಳುವುದಕ್ಕೆ. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ಅವನು ನೋಡುವುದು ಬೆರಳಿನ ಹಿಂಬದಿಯಿಂದ. ತಾಗಿಸುತ್ತಾನೆ, ಕೈ ಒದರುತ್ತಾನೆ, “ಇದೆ” ಎನ್ನುತ್ತಾನೆ. ಸುತ್ತ ನಿಂತವರು ಬಾಯಿ ತೆರೆದು ನೋಡುತ್ತಾರೆ. ಆ ತೆರೆದ ಬಾಯಿಗಳಿಗೋಸ್ಕರವೇ ಅವನು ಇಷ್ಟು ವರ್ಷ ಬದುಕಿದ್ದು. ಸಾಯದೆ ಉಳಿದದ್ದು ಹೇಗೆ ಎಂಬುದು ಬೇರೆ ಮಾತು.

“ಕರೆಂಟು ನನ್ನ ನೆಂಟ ಕಣ್ರೋ. ಬಂದ್ರೆ ಕೈ ಕುಲುಕಿ ಹೋಗ್ತಾನೆ” ಎನ್ನುತ್ತಿದ್ದ.

ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಿಕ್ಕಮ್ಮ ಅಡುಗೆ ಕೆಲಸಕ್ಕಿದ್ದಾಳೆ. ಅವಳು ಹೇಳುತ್ತಿದ್ದಳು: “ನೆಂಟರು ಒಂದಿನ ಉಳ್ಕೊಳ್ಳೋಕೇ ಬರ್ತಾರೆ ರೀ. ಆಗ ಗೊತ್ತಾಗುತ್ತೆ.”

ಹಿಂದೊಮ್ಮೆ ಮೇಲಿನ ಕಚೇರಿಯವರು ಸುರಕ್ಷತೆಯ ಪಾಠ ಹೇಳಿಸಲು ಒಬ್ಬ ಮೇಷ್ಟ್ರನ್ನು ಕಳಿಸಿದ್ದರು. ಅವರು ಹೇಳಿದ್ದು ಇಷ್ಟು: ದೊಡ್ಡ ಪ್ಯಾನಲ್ಲಿನೊಳಗೆ, ಅಂದರೆ ಸ್ವಿಚ್ಚು ತಂತಿಗಳ ಕಬ್ಬಿಣದ ಪೆಟ್ಟಿಗೆಯೊಳಗೆ, ಸುಟ್ಟುಕೊಳ್ಳಲು ಕರೆಂಟನ್ನು ಮುಟ್ಟಲೇಬೇಕೆಂದಿಲ್ಲ. ಒಂದು ಸ್ಪ್ಯಾನರ್ ಜಾರಿ ಎರಡು ತಾಮ್ರದ ಪಟ್ಟಿಗಳ ನಡುವೆ ಬಿದ್ದರೆ ಸಾಕು, ಗಾಳಿಯೇ ಹತ್ತಿಕೊಂಡ ಹಾಗೆ ಬೆಂಕಿಯ ಉಂಡೆ ಹೊರಗೆ ಹಾರುತ್ತದೆ. ಎದುರಿಗಿದ್ದವನ ಕಣ್ಣು, ಮುಖ, ಕೈ ಎಲ್ಲ ಸುಡುತ್ತದೆ. ಆದ್ದರಿಂದ ಮೇನ್ ಸ್ವಿಚ್ ಇಳಿಸಿ, ಅದಕ್ಕೆ ಬೀಗ ಹಾಕಿ, ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಆಮೇಲೆ ಬಾಗಿಲು ತೆಗೆಯಿರಿ.

ಹಿಂದಿನ ಬೆಂಚಿನಿಂದ ಚಿಕ್ಕಪ್ಪ ಎದ್ದು ನಿಂತ. “ಸಾರ್, ನಾನು ಮುಟ್ಟಿದ್ರೇ ಏನೂ ಆಗಲ್ಲ. ಮುಟ್ಟದೆ ಇದ್ರೆ ಏನಾಗುತ್ತೆ?”

ಸಭೆಗೆ ಸಭೆಯೇ ನಕ್ಕಿತು. ಮೇಷ್ಟ್ರೂ ನಕ್ಕರು, ಪಾಪ. ಬಸ್ಸಿಗೆ ಹೊತ್ತಾಗಿತ್ತು.

ಅವರು ಎರಡು ವಸ್ತು ಕೊಟ್ಟು ಹೋದರು. ಒಂದು, ತಲೆಯಿಂದ ಕಾಲಿನವರೆಗೆ ಮುಚ್ಚುವ ಬೆಂಕಿ ತಡೆಯುವ ದಪ್ಪ ಉಡುಪು. ಅದನ್ನು ಮ್ಯಾನೇಜರು ಬಾಗಿಲ ಹತ್ತಿರದ ಗಾಜಿನ ಬೀರುವಿನಲ್ಲಿ ನಿಲ್ಲಿಸಿದರು. ಹಾಕಿಕೊಂಡರೆ ಕೊಳೆಯಾಗುತ್ತದಂತೆ. ಬಂದ ಗಿರಾಕಿಗಳು ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಇನ್ನೊಂದು, ಕೆಂಪು ಬೀಗ. ಅದಕ್ಕೊಂದು ಚೀಟಿ ನೇತುಹಾಕಿತ್ತು. ಚೀಟಿಯಲ್ಲಿ ಚಿಕ್ಕಪ್ಪನ ಫೋಟೋ, ಕೆಳಗೆ ದಪ್ಪ ಅಕ್ಷರ: ‘ಅಪಾಯ. ಈತ ಒಳಗೆ ಕೆಲಸ ಮಾಡುತ್ತಿದ್ದಾನೆ. ಸ್ವಿಚ್ ಹಾಕಬೇಡಿ. ಈ ಬೀಗವನ್ನು ಈತನೇ ತೆಗೆಯಬೇಕು.’

ಬೀಗ ಗಟ್ಟಿಯಾಗಿತ್ತು. ಕ್ಯಾಂಟೀನಿನಲ್ಲಿ ಸಕ್ಕರೆ ಕಳುವಾಗುತ್ತಿತ್ತು. ಮುಂದಿನದು ನಿಮಗೇ ಹೊಳೆದಿರಬೇಕು. ಚಿಕ್ಕಪ್ಪ ಬೀಗವನ್ನೂ ಬೀಗದ ಕೈಯನ್ನೂ ತಂದು ಹೆಂಡತಿಗೆ ಕೊಟ್ಟ. ಮೇನ್ ಸ್ವಿಚ್ಚಿಗೆ ಸೇರಬೇಕಾದ ಬೀಗ ಸಕ್ಕರೆ ಬೀರುವಿಗೆ ಬಿತ್ತು. ಆ ಕಾರ್ಖಾನೆಯಲ್ಲಿ ಮನುಷ್ಯರಿಗಿಲ್ಲದ ಸುರಕ್ಷತೆ ಸಕ್ಕರೆಗೆ ಸಿಕ್ಕಿತು.

ಚಹಾಕ್ಕೆ ಬಂದವರೆಲ್ಲ ಚೀಟಿ ಓದಿ ನಗುವವರೇ. “ಏನಕ್ಕಾ, ಯಜಮಾನ್ರು ಸಕ್ಕರೆ ಡಬ್ಬಿ ಒಳಗೆ ಏನ್ ಕೆಲಸ ಮಾಡ್ತಿದ್ದಾರೆ?”

“ಇರುವೆ ಎಣಿಸ್ತಿದ್ದಾರೆ” ಎನ್ನುತ್ತಿದ್ದಳು ಚಿಕ್ಕಮ್ಮ. ಆದರೆ ದಿನಾ ಬೀಗ ತೆಗೆಯುವವಳು ಅವಳೇ. ದಿನಾ ಗಂಡನ ಮುಖ ನೋಡಿ, ಕೆಳಗಿನದನ್ನು ಓದಿ ಓದಿ ಅವಳಿಗೆ ಬಾಯಿಪಾಠವಾಗಿಬಿಟ್ಟಿತ್ತು. ಪಾಠ ಕೇಳಿದವನು ಮರೆತ, ಸಕ್ಕರೆ ತೆಗೆಯುವವಳು ಕಲಿತಳು.

ಆ ದಿನ ಊಟದ ಹೊತ್ತಿಗೆ ಮುಂಚೆ ಅಂಟು ಹಾಕುವ ಮೆಷಿನ್ನಿನ ಪ್ಯಾನಲ್ಲಿನಿಂದ ಸುಟ್ಟ ವಾಸನೆ ಬಂತು. ಒಳಗೆ ಜೇನುಗೂಡು ಕಟ್ಟಿದ ಹಾಗೆ ಗುಂಯ್ ಎನ್ನುವ ಸದ್ದು. ಬೋಲ್ಟು ಸಡಿಲಾಗಿದೆ ಎಂದು ಚಿಕ್ಕಪ್ಪನಿಗೆ ಗೊತ್ತಾಯಿತು. ಯಾವತ್ತೂ ಹೇಳದವನು ಅಂದು ಹೇಳಿದ:

“ಸಾರ್, ಸದ್ದು ಸರಿ ಇಲ್ಲ. ಒಂದ್ಸಲ ಮೇನ್ ಇಳಿಸಿಬಿಡೋಣ.”

ಮ್ಯಾನೇಜರು ಕಿಟಕಿಯತ್ತ ಕೈ ತೋರಿಸಿದರು. “ಲಾರಿ ಬಂದು ನಿಂತಿದೆ ಕಣ್ರೀ. ಎಲ್ಲಾ ಮೆಷಿನ್ ನಿಲ್ಸಿದ್ರೆ ನನ್ನ ಕಥೆ ಏನು? ಬೇರೆಯವರಾದ್ರೆ ನಾನೇ ಬೇಡ ಅಂತಿದ್ದೆ. ನಿಮಗೇನ್ರೀ? ಶಾಕು ನಿಮ್ಮನ್ನ ನೋಡಿ ಹೆದರ್ಬೇಕು.”

ಹೊಗಳಿ ಶೂಲಕ್ಕೇರಿಸುವುದು ಎಂದರೆ ಇದೇ. ಶೂಲ ಎಲ್ಲಿದೆ ಎಂದು ಗೊತ್ತಿದ್ದೂ ಚಿಕ್ಕಪ್ಪ ಅಂಗಿ ತೋಳು ಮಡಿಸಿದ. ಸುತ್ತ ನಾಲ್ಕಾರು ಜನ ಬಾಯಿ ತೆರೆದು ನಿಂತಿದ್ದರಲ್ಲ, ಹಿಂದೆ ಸರಿಯುವುದು ಹೇಗೆ?

ಬಾಗಿಲು ತೆಗೆದ. ಬೋಲ್ಟಿಗೆ ಸ್ಪ್ಯಾನರ್ ಕೊಟ್ಟ. ಕೈ ಬೆವರಿತ್ತು, ಸ್ಪ್ಯಾನರ್ ಜಾರಿತು.

ಮೊದಲು ಬೆಳಕು, ಆಮೇಲೆ ಸದ್ದು. ವೆಲ್ಡಿಂಗ್ ಕಿಡಿಯನ್ನು ಮನೆಯಷ್ಟು ದೊಡ್ಡದು ಮಾಡಿದರೆ ಹೇಗೋ ಹಾಗೆ ಒಂದು ಬಿಳಿ. ಬಾಯಿ ತೆರೆದು ನಿಂತವರು ಬಾಯಿ ಮುಚ್ಚುವುದನ್ನೂ ಮರೆತು ಓಡಿದರು. ಮೇನ್ ಸ್ವಿಚ್ಚಿನ ಹ್ಯಾಂಡಲ್ಲು ತಾನಾಗಿಯೇ ಕೆಳಗೆ ಬಿತ್ತು. ಇಡೀ ಕಾರ್ಖಾನೆ ಕತ್ತಲಾಗಿ ಮೌನವಾಯಿತು.

ಚಿಕ್ಕಪ್ಪನ ಹುಬ್ಬು ಇರಲಿಲ್ಲ. ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಕಣ್ಣಿಗೆ ಬಿಳಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ, ಕಿವಿಯಲ್ಲಿ ಗಂಟೆ. ಬಿದ್ದಲ್ಲಿಂದ ಏಳಲು ಏನಾದರೂ ಹಿಡಿದುಕೊಳ್ಳಬೇಕಲ್ಲ, ಎಡಗೈ ಚಾಚಿ ತಡಕಾಡಿ ಗಟ್ಟಿಯಾಗಿ ಹಿಡಿದುಕೊಂಡ. ಹಿಡಿದುಕೊಂಡದ್ದು ಪ್ಯಾನಲ್ಲಿನೊಳಗಿನ ತಾಮ್ರದ ಪಟ್ಟಿಯನ್ನು.

ಆಗ ಮ್ಯಾನೇಜರು ಎಲ್ಲಿದ್ದರು? ಮೇನ್ ಸ್ವಿಚ್ಚಿನ ಕೋಣೆಯ ಕಡೆ ಓಡುತ್ತಿದ್ದರು. ಅವರಿಗೆ ಕರೆಂಟಿನ ಬಗ್ಗೆ ಗೊತ್ತಿದ್ದದ್ದು ಒಂದೇ: ಬಿದ್ದರೆ ಎತ್ತಬೇಕು. ಮನುಷ್ಯನನ್ನಲ್ಲ, ಹ್ಯಾಂಡಲ್ಲನ್ನು.

ಕ್ಯಾಂಟೀನು ಆ ಕೋಣೆಯ ಪಕ್ಕದಲ್ಲೇ, ಸದ್ದು ಅಲ್ಲಿಗೂ ಕೇಳಿಸಿತ್ತು. ಮ್ಯಾನೇಜರು ಏದುಸಿರು ಬಿಡುತ್ತಾ ಹೋಗಿ ನೋಡುತ್ತಾರೆ, ಹ್ಯಾಂಡಲ್ಲಿಗೆ ಕೆಂಪು ಬೀಗ ಬಿದ್ದಿದೆ. ಚೀಟಿಯಲ್ಲಿ ಚಿಕ್ಕಪ್ಪ ನಗುತ್ತಿದ್ದಾನೆ. ಎದುರಿಗೆ ಚಿಕ್ಕಮ್ಮ, ಕೈಯಲ್ಲಿ ಸಕ್ಕರೆ ಚಮಚ.

“ಏನಮ್ಮಾ ಇದು? ತೆಗಿ ಬೀಗ. ಲಾರಿ ಕಾಯ್ತಿದೆ.”

“ಓದೋಕೆ ಬರುತ್ತಲ್ಲ ಸಾರ್, ಓದಿ.”

“ಓದಿದ್ದೀನಿ. ಬೀಗದ ಕೈ ಕೊಡು.”

“ಈತನೇ ತೆಗೀಬೇಕು ಅಂತ ಬರೆದಿದೆ. ನೀವು ಈತ ಅಲ್ಲ. ನಾನೂ ಅಲ್ಲ. ಈತ ನಡ್ಕೊಂಡು ಬರ್ಲಿ, ಕೇಳ್ಲಿ, ಕೊಡ್ತೀನಿ.”

“ಕೆಲಸ ಹೋಗುತ್ತೆ ನಿಂದು.”

“ಹೋಗ್ಲಿ ಬಿಡಿ. ಗಂಡ ಹೋದ್ರೆ ಎಲ್ಲಿಂದ ತರ್ಲಿ? ನಿಮ್ಮ ಗಾಜಿನ ಬೀರುನಲ್ಲಿ ಸಿಗ್ತಾನಾ?”

ಅಷ್ಟರಲ್ಲಿ ಟಾರ್ಚು ಹಿಡಿದು ಒಳಗೆ ಹೋದವರು ಕೂಗಿದರು: “ಹಾಕ್ಬೇಡಿ ಸಾರ್, ಟೆಸ್ಟರು ಪಟ್ಟಿ ಹಿಡ್ಕೊಂಡು ಕೂತಿದ್ದಾರೆ.” ಮ್ಯಾನೇಜರ ಕೈ ಹ್ಯಾಂಡಲ್ಲಿನ ಮೇಲಿಂದ ತಾನಾಗಿ ಜಾರಿತು. ಚಿಕ್ಕಮ್ಮ ಚಮಚ ಬಿಸಾಡಿ ಓಡಿದಳು.

ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಚಿಕ್ಕಪ್ಪ ಕೇಳುತ್ತಿದ್ದನಂತೆ, “ಬೀಗ ಹಾಕಿದ್ದು ಯಾರು?” ಎಂದು. ಅವಳು ಅಳುತ್ತಿದ್ದಳು.

ಕಣ್ಣು ಉಳಿಯಿತು. ಕೈಗೆ ಕಟ್ಟು ಹಾಕಿದರು. ರಾತ್ರಿ ಅಲ್ಲೇ ಇರಬೇಕು ಎಂದರು. ಬೀಗದ ಕೈ ಮಾತ್ರ ಚಿಕ್ಕಮ್ಮನ ಚೀಲದಲ್ಲೇ ಬಂದುಬಿಟ್ಟಿತ್ತು. ಬೀಗ ಒಡೆಯೋಣವೆಂದರೆ ಅದು ಗಟ್ಟಿ, ಆಗಲೇ ಹೇಳಿದೆನಲ್ಲ. ಸಂಜೆ ಲಾರಿ ಖಾಲಿ ಹೋಯಿತಂತೆ. ಸಕ್ಕರೆಯೂ ಹೋಯಿತಂತೆ, ಬೀರು ತೆರೆದೇ ಇತ್ತಲ್ಲ.

ಹಾಸಿಗೆಯ ಪಕ್ಕ ಫೋನು ಬಡಿದುಕೊಳ್ಳುತ್ತಲೇ ಇತ್ತು. ಕೊನೆಗೆ ಚಿಕ್ಕಮ್ಮ ಅದನ್ನು ಅವನ ಕಿವಿಗೆ ಹಿಡಿದಳು.

“ಹೇಗಿದ್ದೀರಿ?” ಎಂದರು ಮ್ಯಾನೇಜರು. ಉತ್ತರಕ್ಕೆ ಕಾಯಲಿಲ್ಲ. “ಬೀಗದ ಕೈ ಕಳಿಸ್ತೀರಾ? ನಿಮ್ಮಂಥ ಧೈರ್ಯ ಯಾರಿಗಿದೆ ಹೇಳಿ, ನಾಳೆ ಬಂದು ನೀವೇ...”

“ಸಾರ್, ಆ ಉಡುಪನ್ನ ಗಾಜಿನ ಬೀರುವಿಂದ ಇಳಿಸಿಡಿ. ಅಳತೆ ನೋಡ್ಬೇಕು” ಎಂದ ಚಿಕ್ಕಪ್ಪ. “ಬೀಗ ನಾನೇ ಬಂದು ತೆಗೀತೀನಿ. ಡಾಕ್ಟ್ರು ಬಿಟ್ಟ ಮೇಲೆ.”

ಫೋನು ಇಟ್ಟಾದ ಮೇಲೆ ಹೆಂಡತಿಯ ಹತ್ತಿರ ಬೀಗದ ಕೈ ಕೇಳಿದ. ಅವಳು ಕೊಟ್ಟಳು. ಕಟ್ಟು ಇಲ್ಲದ ಎಡಗೈಯಲ್ಲಿ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿ, ದಿಂಬಿನ ಕೆಳಗೆ ತಳ್ಳಿ, ಅದರ ಮೇಲೆ ತಲೆ ಇಟ್ಟು ಮಲಗಿದ.